ಪೊಟ್ಟಣಕ್ಕೆ ಎರಡೂ ಕಡೆ ಒಂದೇ ಮುಖ ಇರಲಿ

ಶೇಂಗಾ ಬೆಳೆಯುವ ನಮ್ಮಂಥವರಿಗೆ ಈಗ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: "ಕಾಯಿ ಮಾರಬ್ಯಾಡ್ರಿ, ಚಿಕ್ಕಿ ಮಾಡಿ ಮಾರ್ರಿ." ಮಾತು ಸುಳ್ಳಲ್ಲ. ಪೇಟೆಗೆ ಚೀಲ ಒಯ್ದು ಸುರುವಿದ ಮೇಲೆ ದರ ಹೇಳುವವ ಬೇರೆಯವ. ಚಿಕ್ಕಿ ಮಾಡಿದರೆ ದರ ಬರೆಯುವವರು ನಾವು. ಮಾಡುವುದನ್ನೂ ಯಾರೂ ಬಂದು ಕಲಿಸಬೇಕಾಗಿಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳು ಕುದಿಯುವ ಬೆಲ್ಲದ ಪಾಕ ಒಂದು ಹನಿ ತಣ್ಣೀರಿಗೆ ಬಿಟ್ಟು, ಅದು ಗಟ್ಟಿಯಾಗಿ ತಾಟಿಗೆ ಟಣ್ ಅಂದರೆ ಹದ ಬಂತು ಅಂತ ಹೇಳುತ್ತಾರೆ. ತೊಂದರೆ ಶುರುವಾಗುವುದು ಚಿಕ್ಕಿ ಆರಿದ ಮೇಲೆ. ಅದನ್ನು ಯಾವುದರಲ್ಲಿ ಹಾಕಿ ಊರು ದಾಟಿಸಬೇಕು?

ಈ ಪ್ರಶ್ನೆಗೆ ಈಗ ಶಿಬಿರಗಳಲ್ಲಿ ಸಿಗುವ ಉತ್ತರ, "ಪ್ಯಾಕೆಟ್ಟು ಆಕರ್ಷಕ ಇರಬೇಕು" ಎಂಬುದು. ಬಣ್ಣ ಹೀಗಿರಲಿ, ಹೆಸರು ಹಾಗಿರಲಿ, ಮೇಲೊಂದು ಚಿತ್ರ ಇರಲಿ. ನನ್ನ ತಕರಾರು ಆಕರ್ಷಣೆಯ ಮೇಲೆ ಅಲ್ಲ, ಕೆಲಸದ ಕ್ರಮದ ಮೇಲೆ. ಪೊಟ್ಟಣಕ್ಕೆ ಮೂರು ಕೆಲಸ ಇವೆ. ಮೊದಲನೆಯದು ಒಳಗಿನ ತಿಂಡಿ ಕಾಯುವುದು. ಎರಡನೆಯದು ಒಳಗೆ ಏನೈತಿ ಅಂತ ನಿಜ ಹೇಳುವುದು. ಮೂರನೆಯದು ಕಣ್ಣು ಸೆಳೆಯುವುದು. ನಾವು ಮೂರನೆಯದರಿಂದ ಶುರು ಮಾಡಿ ಅಲ್ಲೇ ನಿಂತುಬಿಡುತ್ತೇವೆ. ಇದು ಗೋಡೆ ಕಟ್ಟುವ ಮೊದಲು ಸುಣ್ಣ ಹಚ್ಚಿದ ಹಾಗೆ.

ಹಗೇವು ಕಲಿಸಿದ ಪಾಠ

ನಮ್ಮ ಎರಿ ಸೀಮೆಯ ಹಿರಿಯರಿಗೆ ಪೊಟ್ಟಣದ ವಿದ್ಯೆ ಗೊತ್ತಿರಲಿಲ್ಲ ಅನ್ನುವವರು ಹಗೇವು ನೋಡಿಲ್ಲ. ನೆಲದೊಳಗೆ ಗುಂಡಿ ತೋಡಿ, ಸುತ್ತ ಹುಲ್ಲು ಜೋಡಿಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ಒಳಗಿನ ಗಾಳಿಯನ್ನು ಕಾಳೂ ಹುಳವೂ ಉಸಿರಾಡಿ ಮುಗಿಸುತ್ತಿದ್ದವು. ಗಾಳಿ ತೀರಿದ ಮೇಲೆ ಹುಳಕ್ಕೆ ಜೀವ ಇಲ್ಲ, ಜೋಳ ಮಾತ್ರ ವರ್ಷಗಟ್ಟಲೆ ಹಾಗೇ. ಅದಕ್ಕೇ ಹಗೇವಿನ ಬಾಯಿ ತೆಗೆದ ಕೂಡಲೆ ಯಾರೂ ಇಳಿಯುತ್ತಿರಲಿಲ್ಲ. ಮೊದಲು ಕಂದೀಲು ಇಳಿಬಿಟ್ಟು ನೋಡುವುದು. ದೀಪ ಆರಿದರೆ ಒಳಗೆ ಇನ್ನೂ ಉಸಿರಾಡುವ ಗಾಳಿ ಇಲ್ಲ ಅಂತ ಅರ್ಥ.

ಇವತ್ತು ಆಲೂಗಡ್ಡೆ ಚಿಪ್ಸಿನ ಚೀಲ ಉಬ್ಬಿಕೊಂಡು ಇರುತ್ತದಲ್ಲ, ಅದರಲ್ಲಿ ತುಂಬಿದ್ದು ನೈಟ್ರೋಜನ್ ಅನಿಲ. ಚಿಪ್ಸು ಪುಡಿಯಾಗಬಾರದು ಎಂಬುದು ಒಂದು ಕಾರಣ, ಎಣ್ಣೆ ಕಮಟಬಾರದು ಎಂಬುದು ಇನ್ನೊಂದು. ಕಂಪನಿ ಯಂತ್ರ ಇಟ್ಟು ಮಾಡುವ ಈ ಕೆಲಸವೂ ಹಗೇವು ಮಾಡುತ್ತಿದ್ದ ಕೆಲಸವೂ ಬುಡದಲ್ಲಿ ಒಂದೇ: ಗಾಳಿಯಲ್ಲಿರುವ ಆಮ್ಲಜನಕವನ್ನು ತಿನ್ನುವ ವಸ್ತುವಿನಿಂದ ದೂರ ಇಡುವುದು. ಹಗೇವಿನ ಮೇಲೆ ಯಾರೂ ಚಿತ್ರ ಬರೆಯಲಿಲ್ಲ. ಮೊದಲು ಕಾಯುವ ಕೆಲಸ ಮಾಡಿತು, ಅಷ್ಟಕ್ಕೇ ಮನೆ ಉಳಿಯಿತು.

ಚಿಕ್ಕಿಯ ಮೂರು ವೈರಿಗಳು

ಶೇಂಗಾ ಕಾಳಿನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಈ ಎಣ್ಣೆಗೆ ಗಾಳಿ ಮತ್ತು ಬೆಳಕು ವೈರಿ. ಎರಡೂ ತಾಕಿದರೆ ಕಾಳು ಕಮಟುತ್ತದೆ. ಬೆಲ್ಲಕ್ಕೆ ನೀರಾವಿ ವೈರಿ. ಮಳೆಗಾಲದ ಗಾಳಿಯಲ್ಲಿರುವ ತೇವವನ್ನು ಬೆಲ್ಲ ತಾನೇ ಎಳಕೊಂಡು ಜಿಗಟಾಗುತ್ತದೆ. ಹಾಗಾಗಿ ಚಿಕ್ಕಿಗೆ ಬೇಕಾದ ಪೊಟ್ಟಣ ನೀರಾವಿ, ಗಾಳಿ, ಬೆಳಕು ಮೂರನ್ನೂ ತಡೆಯುವಂಥದ್ದು. ಚಕ್ಕುಲಿ, ಸಂಡಿಗೆ, ಖಾರಾದಾಣಿಗಳಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಬೆಲ್ಲದ ಬದಲು ಗರಿಗರಿತನ ಹೋಗುತ್ತದೆ, ಅಷ್ಟೇ ಫರಕು.

ಯಾವ ಹಾಳೆ ಏನು ತಡೆಯುತ್ತದೆ ಎಂಬುದನ್ನು ಕೇಳಿ ತಿಳಿದು, ಬಳಸಿ ನೋಡಿ ಇಲ್ಲಿ ಬರೆಯುತ್ತಿದ್ದೇನೆ. ರಟ್ಟಿನ ಪೆಟ್ಟಿಗೆ ಬೆಳಕನ್ನು ತಡೆಯುತ್ತದೆ, ನೀರಾವಿ ಗಾಳಿ ಎರಡನ್ನೂ ಬಿಡುತ್ತದೆ. ಬೆಣ್ಣೆ ಕಾಗದ ಎಣ್ಣೆ ಹೊರಗೆ ಜಿನುಗುವುದನ್ನು ತಡೆಯುತ್ತದೆ, ಮಳೆಗಾಲದ ತೇವವನ್ನಲ್ಲ. ಸಾದಾ ಪಾಲಿಥೀನ್ ಚೀಲ ನೀರಾವಿಯನ್ನು ಸಾಕಷ್ಟು ತಡೆದರೂ ಗಾಳಿಯನ್ನು ಬಿಡುತ್ತದೆ. ಮುಟ್ಟಿದರೆ ಚರಚರ ಅನ್ನುವ ಪಾರದರ್ಶಕ ಹಾಳೆ, ಅಂಗಡಿಯವರು ಬಿಒಪಿಪಿ ಅನ್ನುತ್ತಾರೆ, ನೀರಾವಿಗೆ ಇನ್ನೂ ಒಳ್ಳೆಯದು, ಗಾಳಿಯ ಮಟ್ಟಿಗೆ ಅದೂ ಸಡಿಲ. ಒಳಗೆ ಬೆಳ್ಳಿಯಂತೆ ಹೊಳೆಯುವ, ಲೋಹದ ಲೇಪ ಕೊಟ್ಟ ಪಾಲಿಯೆಸ್ಟರ್ ಹಾಳೆ ಮೂರಕ್ಕೂ ಅಡ್ಡ ನಿಲ್ಲುತ್ತದೆ. ಅಲ್ಯುಮಿನಿಯಂ ಹಾಳೆ ಸೇರಿಸಿದ್ದು ಎಲ್ಲಕ್ಕಿಂತ ಗಟ್ಟಿ, ರೊಕ್ಕವೂ ಹೆಚ್ಚು.

ಹಾಳೆ ಎಷ್ಟೇ ಒಳ್ಳೆಯದಿದ್ದರೂ ಸೀಲು ಸರಿ ಇಲ್ಲದಿದ್ದರೆ ಎಲ್ಲ ವ್ಯರ್ಥ. ಚೀಲದ ಬಾಯಿಗೆ ಚಿಕ್ಕಿಯ ಪುಡಿ ಅಥವಾ ಎಣ್ಣೆ ಅಂಟಿದ್ದರೆ ಅಲ್ಲಿ ಕಣ್ಣಿಗೆ ಕಾಣದ ಸಂದು ಉಳಿಯುತ್ತದೆ. ಸೈಕಲ್ ಟ್ಯೂಬಿನ ಪಂಕ್ಚರ್ ನೋಡುವಂತೆ, ಸೀಲಾದ ಪೊಟ್ಟಣವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಒತ್ತಿರಿ. ಗುಳ್ಳೆ ಬಂತೋ, ಆ ಸೀಲು ಕೆಲಸಕ್ಕಿಲ್ಲ. ಪ್ರತಿ ದಿನದ ಕೆಲಸದಲ್ಲಿ ನಾಲ್ಕೈದು ಪೊಟ್ಟಣ ಹೀಗೆ ನೋಡಿದರೆ ಸಾಕು, ಯಂತ್ರದ ಕಾವು ಹೆಚ್ಚೋ ಕಡಿಮೆಯೋ ತಿಳಿಯುತ್ತದೆ.

ಇನ್ನೊಂದು ಮಾತು. ಒಳಗೆ ಕೆಟ್ಟದ್ದು ಹಾಕಿದರೆ ಯಾವ ಪೊಟ್ಟಣವೂ ಅದನ್ನು ಒಳ್ಳೆಯದು ಮಾಡುವುದಿಲ್ಲ. ಮಳೆಯಾಶ್ರಯದ ಶೇಂಗಾಕ್ಕೆ ಕಾಯಿ ಬಲಿಯುವ ಹೊತ್ತಿಗೆ ಮಳೆ ತಪ್ಪಿದರೆ ನೆಲದೊಳಗೇ ಬೂಸ್ಟು ಹತ್ತುವ ಸಂಭವ ಹೆಚ್ಚು. ಆ ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಅನ್ನುವ ವಿಷ ಬರುತ್ತದೆ, ಅದು ಹುರಿದರೂ ಪೂರ್ತಿ ಹೋಗುವುದಿಲ್ಲ. ಕಾಯಿ ಚೆನ್ನಾಗಿ ಒಣಗಿಸಬೇಕು, ಸುರುಟಿದ, ಕಪ್ಪಾದ, ಬಣ್ಣ ಕೆಟ್ಟ ಕಾಳು ಆರಿಸಿ ತೆಗೆಯಬೇಕು. ಪೊಟ್ಟಣದ ಕೆಲಸ ಆರಿಸುವ ಮರದಿಂದಲೇ ಶುರುವಾಗುತ್ತದೆ.

ಕಿಟಕಿ ಇಟ್ಟ ಪೆಟ್ಟಿಗೆ

ನಮ್ಮ ಊರಿನ ಹೆಣ್ಣುಮಕ್ಕಳ ಸಂಘ ಚಿಕ್ಕಿ ಮಾಡಲು ಹಿಡಿದಾಗ ಒಂದು ಸಂಸ್ಥೆಯವರು ಪಟ್ಟಣದಿಂದ ವಿನ್ಯಾಸ ಮಾಡುವ ಹುಡುಗನನ್ನು ಕರೆದುಕೊಂಡು ಬಂದರು. ಹುಡುಗ ಒಳ್ಳೆಯವ, ಕೈಯಲ್ಲಿ ಕಲೆ ಇತ್ತು. ಚಂದದ ರಟ್ಟಿನ ಪೆಟ್ಟಿಗೆ ಮಾಡಿಕೊಟ್ಟ. ಮೇಲೊಂದು ಕಿಟಕಿ, ಚಿಕ್ಕಿ ಹೊರಗಿನಿಂದಲೇ ಕಾಣಬೇಕು ಅಂತ. ಒಳಗೆ ಬೆಣ್ಣೆ ಕಾಗದ. ಬೇಸಿಗೆಯಲ್ಲಿ ಮೇಳದಾಗ ಇಟ್ಟಾಗ ಎಲ್ಲರೂ ಕೈಗೆ ತಗೊಂಡು ನೋಡಿದರು, ಕೊಂಡರು.

2024ರ ಆಷಾಢದಲ್ಲಿ ಅಂಗಡಿಗಳಿಂದ ಪೆಟ್ಟಿಗೆ ವಾಪಸು ಬಂದವು. ಚಿಕ್ಕಿ ಮೆತ್ತಗಾಗಿ ಕಾಗದಕ್ಕೆ ಅಂಟಿತ್ತು. ಕಿಟಕಿಯ ಕಡೆಯ ತುಂಡು ಕಮಟು ವಾಸನೆ ಹೊಡೆಯುತ್ತಿತ್ತು. ನೀರಾವಿ ರಟ್ಟಿನಿಂದ ಒಳಗೆ ಬಂತು, ಬೆಳಕು ಕಿಟಕಿಯಿಂದ ಬಂತು. ಒಬ್ಬ ಅಂಗಡಿಯಾವ, "ಅಕ್ಕಾರ, ಪೆಟ್ಟಿಗಿ ನಂಗ ಕೊಡ್ರಿ, ಬಳಿ ಇಟ್ಟು ಮಾರತೇನಿ. ಚಿಕ್ಕಿ ಮಾತ್ರ ನೀವ ಒಯ್ಯರಿ" ಅಂದನಂತೆ. ನಗುವ ಮಾತಾದರೂ ಆ ದಿನ ಸಂಘದಲ್ಲಿ ಯಾರೂ ನಗಲಿಲ್ಲ.

ಆ ಹುಡುಗನನ್ನು ನಾನು ದೂರುವುದಿಲ್ಲ. "ಈ ತಿಂಡಿ ಎಷ್ಟು ದಿನ ಇರಬೇಕು, ಯಾವ ತಿಂಗಳಲ್ಲಿ ಮಾರಬೇಕು, ಎಷ್ಟು ದೂರ ಹೋಗಬೇಕು" ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಅವನನ್ನು ಕರೆತಂದವರು ಕೇಳಿದ್ದು ಚಂದ, ಅವ ಕೊಟ್ಟಿದ್ದು ಚಂದ. ಮುಂದೆ ಹೆಣ್ಣುಮಕ್ಕಳೇ ದಾರಿ ಹುಡುಕಿದರು. ಪ್ರತಿ ತುಂಡನ್ನು ಲೋಹಲೇಪದ ಸಣ್ಣ ಚೀಲದಲ್ಲಿ ಸೀಲು ಮಾಡಿ, ಕಿಟಕಿ ಇಲ್ಲದ ಪೆಟ್ಟಿಗೆಯಲ್ಲಿ ಹತ್ತು ತುಂಡು ಇಟ್ಟರು. ಗಿರಾಕಿಗೆ ನೋಡಬೇಕು ಅನಿಸಿದರೆ ಅಂಗಡಿಯಲ್ಲಿ ಒಂದು ಗಾಜಿನ ಬರಣಿಯಲ್ಲಿ ಮಾದರಿ ತುಂಡು. ತಿಂದು ನೋಡಿ ಕೊಳ್ಳಿ ಎನ್ನುವುದಕ್ಕಿಂತ ದೊಡ್ಡ ಕಿಟಕಿ ಯಾವುದು?

ಕಣ್ಣಿನ ವ್ಯಾಪಾರ, ನಾಲಿಗೆಯ ವ್ಯಾಪಾರ

ನನ್ನ ತಮ್ಮನ ಮಗ ಹುಬ್ಬಳ್ಳಿಯಲ್ಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಅವನ ವಾದ ಬೇರೆ. "ದೊಡ್ಡಪ್ಪಾ, ನೀವು ಹೇಳೂದು ಖರೆ. ಆದರ ಪ್ಯಾಕೆಟ್ಟು ಚಂದ ಇರಲಿಲ್ಲಂದ್ರ ಮಂದಿ ಕೈಗೇ ತಗೊಳ್ಳೂದಿಲ್ಲ. ಒಳಗ ಅಮೃತ ಇದ್ರೂ ಕಪಾಟಿನ್ಯಾಗ ಉಳೀತದ" ಅನ್ನುತ್ತಾನೆ.

ಅವನ ಮಾತನ್ನು ನಾನು ತೆಗೆದುಹಾಕುವುದಿಲ್ಲ. ದೊಡ್ಡ ಅಂಗಡಿಗಳಲ್ಲಿ ಗಿರಾಕಿಗೆ ಮಾತಾಡಲು ಯಾರೂ ಇಲ್ಲ, ಪೊಟ್ಟಣವೇ ಮಾತಾಡಬೇಕು. ಮೊದಲ ಸಲ ಕೊಳ್ಳುವುದು ಕಣ್ಣು. ಆದರೆ ಎರಡನೇ ಸಲ ಕೊಳ್ಳುವುದು ನಾಲಿಗೆ. ದೊಡ್ಡ ಕಂಪನಿಗೆ ಒಬ್ಬ ಗಿರಾಕಿ ಹೋದರೆ ಜಾಹೀರಾತು ಕೊಟ್ಟು ಇನ್ನೊಬ್ಬನನ್ನು ತರಬಲ್ಲುದು. ನಮ್ಮ ಹಳ್ಳಿಯ ಸಂಘಕ್ಕೆ ಆ ಬಲ ಇಲ್ಲ. ನಮ್ಮ ವ್ಯಾಪಾರ ಎರಡನೇ ಸಲ, ಮೂರನೇ ಸಲ ಬರುವವರ ಮೇಲೆಯೇ ನಿಂತಿದೆ. ಕಣ್ಣಿಗೆ ಖರ್ಚು ಮಾಡಿ ನಾಲಿಗೆಗೆ ಮೋಸ ಮಾಡಿದರೆ, ನಾವು ಖರ್ಚು ಮಾಡಿದ್ದು ನಮ್ಮ ಹೆಸರು ಕೆಡಿಸಿಕೊಳ್ಳಲಿಕ್ಕೆ.

ನಮ್ಮ ಕಡೆಯ ಹೆಸರಾದ ತಿಂಡಿಗಳನ್ನೇ ನೋಡಿ. ಧಾರವಾಡ ಪೇಢಾ, ಬೆಳಗಾವಿ ಕುಂದಾ, ಗೋಕಾಕ ಮತ್ತು ಅಮೀನಗಡದ ಕರದಂಟು. ಜನ ಇವನ್ನು ಕೊಳ್ಳುವುದು ಊರಿನ ಹೆಸರು ನೋಡಿ, ಪೆಟ್ಟಿಗೆಯ ಬಣ್ಣ ನೋಡಿ ಅಲ್ಲ. ಊರಿನ ಹೆಸರೇ ಪೊಟ್ಟಣದ ಮೇಲಿನ ದೊಡ್ಡ ಚಿತ್ರ. ಆ ಹೆಸರು ಒಂದು ದಿನದಲ್ಲಿ ಬಂದದ್ದಲ್ಲ, ತಲೆಮಾರುಗಟ್ಟಲೆ ರುಚಿ ಕೆಡಲಿಲ್ಲ ಎಂಬುದರಿಂದ ಬಂದದ್ದು.

ನಮ್ಮ ಚಿತ್ರ ಅವರ ಪೊಟ್ಟಣದ ಮೇಲೆ

ಪಟ್ಟಣದ ಅಂಗಡಿಯಲ್ಲಿ ಒಮ್ಮೆ ಕಣ್ಣಾಡಿಸಿ. ಎತ್ತಿನ ಗಾಡಿ, ಬೀಸುವ ಕಲ್ಲು, ಬೊಕ್ಕಬಾಯಿಯ ಅಜ್ಜಿ, ನಗುವ ರೈತ, ಇವೆಲ್ಲ ಇರುವುದು ದೊಡ್ಡ ಕಾರ್ಖಾನೆಯ ಪೊಟ್ಟಣಗಳ ಮೇಲೆ. ಆ ಕಾರ್ಖಾನೆಯಲ್ಲಿ ಬೀಸುವ ಕಲ್ಲೂ ಇಲ್ಲ, ಅಜ್ಜಿಯೂ ಇಲ್ಲ. ಇತ್ತ ಖರೇವಂದ್ರ ಅಜ್ಜಿಯೇ ಕೂತು ಹುರಿದ ಶೇಂಗಾದ ಪೊಟ್ಟಣದ ಮೇಲೆ ನಮ್ಮವರು ಇಂಗ್ಲಿಷಿನ ಅಡ್ಡಹೆಸರು, ಕಂಪನಿಯ ಹಾಗೆ ಮಿಂಚುವ ಬಣ್ಣ ಹಾಕುತ್ತಾರೆ. ನಮ್ಮ ಚಿತ್ರ ಅವರ ಪೊಟ್ಟಣದ ಮೇಲೆ, ಅವರ ಮಿಂಚು ನಮ್ಮ ಪೊಟ್ಟಣದ ಮೇಲೆ. ಇಬ್ಬರೂ ತಮ್ಮದಲ್ಲದ್ದನ್ನು ಹಾಕಿಕೊಂಡು ನಿಂತಿದ್ದಾರೆ.

ಹಾಗಂತ ಎತ್ತಿನ ಗಾಡಿಯ ಚಿತ್ರ ನಾವೇ ಕಸಿದುಕೊಳ್ಳೋಣ ಅನ್ನುತ್ತಿಲ್ಲ. ನಮ್ಮ ಊರಲ್ಲೂ ಈಗ ಎತ್ತು ಕಡಿಮೆ, ಟ್ರ್ಯಾಕ್ಟರ್ ಹೆಚ್ಚು. ಇಲ್ಲದ್ದನ್ನು ತೋರಿಸುವುದು ಬೇಡ. ನಮ್ಮಲ್ಲಿ ಇರುವುದು ಏನು? ಧಾರವಾಡ ಸೀಮೆಯ ಕಸೂತಿ ಇದೆ. ಇಳಕಲ್ ಸೀರೆಯ ಸೆರಗಿದೆ. ಕಸೂತಿಯ ತೇರು, ಗೋಪುರ, ಆನೆ, ತುಳಸಿಕಟ್ಟೆ ಎಲ್ಲ ಎಳೆ ಎಣಿಸಿ ಹಾಕುವಂಥವು, ಗೆರೆಯಲ್ಲೇ ಮೂಡುವಂಥವು. ಒಂದೇ ಬಣ್ಣದ ಮಸಿಯಲ್ಲಿ ಚಂದ ಬರುತ್ತವೆ, ಅಚ್ಚಿನ ಖರ್ಚೂ ಕಡಿಮೆ.

ಕಸೂತಿಯಲ್ಲಿ ಗವಂತಿ ಅನ್ನುವ ಹೊಲಿಗೆ ಇದೆ. ಅದರ ವಿಶೇಷ ಏನೆಂದರೆ ಬಟ್ಟೆಯ ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣುತ್ತದೆ, ಗಂಟು ಕಾಣುವುದಿಲ್ಲ. ಪೊಟ್ಟಣ ಮಾಡುವವರು ಕಸೂತಿಯಿಂದ ಕಲಿಯಬೇಕಾದದ್ದು ತೇರು ಆನೆಗಿಂತ ಮೊದಲು ಇದನ್ನು. ಮುಂದೆ ದೊಡ್ಡ ಅಕ್ಷರದಲ್ಲಿ "ಬೆಲ್ಲದ ಶೇಂಗಾ ಚಿಕ್ಕಿ" ಅಂತ ಇದ್ದು, ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಸಕ್ಕರೆ, ದ್ರವ ಗ್ಲೂಕೋಸು ಅಂತ ಇದ್ದರೆ ಅದು ಗವಂತಿ ಅಲ್ಲ, ತ್ಯಾಪಿ.

ಹಿಂದಿನ ಮುಖ ಓದುವುದು

ಆಹಾರ ಪೊಟ್ಟಣದ ಹಿಂದೆ ಏನಿರಬೇಕು ಎಂಬುದಕ್ಕೆ ಕಾನೂನು ಇದೆ. 2006ರ ಆಹಾರ ಸುರಕ್ಷತೆ ಕಾಯ್ದೆ, ಅದರ ಕೆಳಗೆ 2020ರಲ್ಲಿ ಬಂದ ಲೇಬಲ್ ನಿಯಮಗಳು, ತೂಕ ಮತ್ತು ಅಳತೆಯವರ 2011ರ ಪೊಟ್ಟಣ ನಿಯಮಗಳು. ನಮಗೆ ಬೇಕಾದಷ್ಟನ್ನು ಸಾದಾ ಮಾತಿನಲ್ಲಿ ಹೇಳುವುದಾದರೆ: ತಿಂಡಿಯ ಹೆಸರು, ಏನೇನು ಹಾಕಿದೆ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿ ಗರಿಷ್ಠ ದರ, ತಯಾರಿಸಿದ ದಿನ, ಯಾವ ದಿನದೊಳಗೆ ತಿನ್ನಬೇಕು, ಬ್ಯಾಚ್ ಸಂಖ್ಯೆ, ಮಾಡಿದವರ ಪೂರ್ತಿ ವಿಳಾಸ, ದೂರು ಹೇಳಲು ಸಂಪರ್ಕ, ಸಸ್ಯಾಹಾರದ ಹಸಿರು ಚುಕ್ಕೆ, ಆಹಾರ ಪ್ರಾಧಿಕಾರದ 14 ಅಂಕಿಯ ಸಂಖ್ಯೆ. ಶೇಂಗಾ ಕೆಲವರ ಮೈಗೆ ಆಗುವುದಿಲ್ಲ, ಅದಕ್ಕೆ "ಶೇಂಗಾ ಇದೆ" ಎಂದು ಬೇರೆಯಾಗಿ ಎಚ್ಚರಿಸಲೇಬೇಕು.

ಇದರಲ್ಲಿ ನನಗೆ ಬಹಳ ಹಿಡಿಸಿದ ನಿಯಮ, ಹಾಕಿದ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು ಎಂಬುದು. ಯಾವುದು ಹೆಚ್ಚೋ ಅದು ಮೊದಲು. ಚಿಕ್ಕಿಯ ಪೊಟ್ಟಣದ ಮೇಲೆ ಮೊದಲು ಸಕ್ಕರೆ ಬಂದರೆ ಅದು ಶೇಂಗಾ ಹಾಕಿದ ಸಕ್ಕರೆ ಎಂದು ತಿಳಿಯಬೇಕು. ಮೊದಲು ಶೇಂಗಾ ಬಂದರೆ ಶೇಂಗಾ ಚಿಕ್ಕಿ. ಇದನ್ನು ಹಿಂದೆ ಬಚ್ಚಿಡುವುದು ಯಾಕೆ? ನಾವು ಕಾಳು ಹೆಚ್ಚು ಹಾಕುವವರು. "100 ಗ್ರಾಮಿನಲ್ಲಿ ಶೇಂಗಾ ಇಷ್ಟು, ಬೆಲ್ಲ ಇಷ್ಟು, ಬೇರೇನಿಲ್ಲ" ಅಂತ ಮುಂದೆಯೇ ದೊಡ್ಡದಾಗಿ ಬರೆಯೋಣ. ಇದಕ್ಕಿಂತ ಹೊಸ ವಿನ್ಯಾಸ ಯಾವ ಹುಡುಗ ಮಾಡಿಯಾನು?

ಭಾಷೆಯ ವಿಷಯದಲ್ಲಿ ಒಂದು ಎಚ್ಚರ. ಕೇಂದ್ರದ ನಿಯಮದಂತೆ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು, ಜೊತೆಗೆ ಬೇರೆ ಭಾಷೆ ಹಾಕಲು ಅಡ್ಡಿ ಇಲ್ಲ. ಬರೀ ಕನ್ನಡದಲ್ಲಿ ಹಾಕಿದರೆ ಅಧಿಕಾರಿ ಬಂದಾಗ ತೊಡಕು. ಇತ್ತ ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, ಇಲ್ಲಿ ತಯಾರಾದ ಸರಕಿನ ಹೆಸರು ಮತ್ತು ಬಳಸುವ ವಿವರ ಕನ್ನಡದಲ್ಲಿಯೂ ಇರಬೇಕು ಅನ್ನುತ್ತದೆ. ಎರಡನ್ನೂ ಹಾಕಬೇಕು. ಕನ್ನಡವನ್ನು ಮೂಲೆಯಲ್ಲಿ ಶಾಸ್ತ್ರಕ್ಕೆ ಹಾಕಬೇಡಿ. ಏಳನೆಯತ್ತೆ ಕಲಿತ ನನ್ನಂಥವ ಚಾಳೀಸು ಹಾಕದೆ ಓದುವ ಹಾಗಿರಲಿ.

ಯಾವ ಮಳೆಗೆ ಬಿತ್ತಿದ್ದು?

ಕಾನೂನು ಕೇಳುವುದು ಇಷ್ಟು. ಕಾನೂನು ಕೇಳದೆ ಇರುವ ಒಂದನ್ನು ನಾವು ಬರೆಯಬಹುದು, ದೊಡ್ಡ ಕಂಪನಿ ಬರೆಯಲಾರದು. ಅವರ ಶೇಂಗಾ ಹತ್ತು ಪೇಟೆಯಿಂದ ಬಂದು ಒಂದೇ ರಾಶಿಯಾಗಿರುತ್ತದೆ. ನಮ್ಮದು ಹಾಗಲ್ಲ. ಯಾವ ಹೊಲ, ಯಾವ ತಳಿ, ಯಾವ ಮಳೆಗೆ ಬಿತ್ತಿದ್ದು, ಯಾವ ಮಳೆಗೆ ಕಿತ್ತದ್ದು ಎಲ್ಲ ನಮಗೆ ಗೊತ್ತು. ಹಾಗಾದರೆ ಪೊಟ್ಟಣದ ಚೀಟಿಯಲ್ಲಿ ಹೀಗೆ ಬರೆದರೆ ಹೇಗೆ: "ಮಸಾರಿ ಹೊಲದ ಟಿಎಂವಿ-2 ಶೇಂಗಾ. ಮೃಗಶಿರ ಮಳೆಗೆ ಬಿತ್ತಿದ್ದು, ಚಿತ್ತಿ ಮಳೆಗೆ ಮುಂಚೆ ಕಿತ್ತದ್ದು."

ಇದು ಬರೀ ಸಿಂಗಾರ ಅಲ್ಲ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹಳಷ್ಟು ತಾಲ್ಲೂಕುಗಳನ್ನು ಬರಪೀಡಿತ ಎಂದು ಸರಕಾರ ಸಾರಿತು. ಆ ವರ್ಷ ಕಾಳು ಸಣ್ಣ, ತುಂಬಿರಲಿಲ್ಲ. ಚಿಕ್ಕಿಯಲ್ಲೂ ಅದು ಕಾಣುತ್ತಿತ್ತು. "ಯಾಕ್ರಿ, ಅಗ್ಗದ ಕಾಳು ಹಾಕೀರೇನು?" ಅಂತ ಅಂಗಡಿಯವರು ಕೇಳಿದರು. ಅಗ್ಗದ ಕಾಳಲ್ಲ, ಮಳೆ ಇಲ್ಲದ ಕಾಳು. "ಈ ವರ್ಷ ಮಳೆ ಕಡಿಮೆ, ಕಾಳು ಸಣ್ಣ, ರುಚಿ ಅದೇ" ಅಂತ ಪೊಟ್ಟಣವೇ ಹೇಳಿದ್ದರೆ ಪಟ್ಟಣದ ಗಿರಾಕಿಗೂ ಬರದ ಸುದ್ದಿ ತಲುಪುತ್ತಿತ್ತು. ಒಣಬೇಸಾಯದ ತಿಂಡಿ ಪ್ರತಿ ವರ್ಷ ಒಂದೇ ಗಾತ್ರ, ಒಂದೇ ಬಣ್ಣ ಇರಲಿಕ್ಕೆ ಸಾಧ್ಯವಿಲ್ಲ. ಇದ್ದಂತೆ ತೋರಿಸಲು ಹೋದರೆ ಸುಳ್ಳು ಹೇಳಬೇಕಾಗುತ್ತದೆ. ಇಲ್ಲ ಅಂತ ಹೇಳಿದರೆ ಅದೇ ನಮ್ಮ ಗುರುತು.

ಇದಕ್ಕೆ ದೊಡ್ಡ ಖರ್ಚೂ ಬೇಡ. ಅಚ್ಚು ಹಾಕಿದ ಪ್ಲಾಸ್ಟಿಕ್ ಹಾಳೆ ಮಾಡಿಸಲು ಹೋದರೆ ಬಣ್ಣಕ್ಕೊಂದು ಲೋಹದ ಸಿಲಿಂಡರು ಬೇಕು, ಸಾವಿರಗಟ್ಟಲೆ ಪೊಟ್ಟಣದ ಹಾಳೆ ಒಮ್ಮೆಲೆ ಕೊಳ್ಳಬೇಕು. ದರ ಬದಲಾಯಿತೋ, ವಿಳಾಸ ಬದಲಾಯಿತೋ, ಆ ಹಾಳೆ ಅಟ್ಟಕ್ಕೆ. ಸಣ್ಣವರಿಗೆ ಬೇಕಾದದ್ದು ಅಚ್ಚಿಲ್ಲದ ಸಾದಾ ಚೀಲ, ಮೇಲೆ ಅಂಟಿಸುವ ಕಾಗದದ ಚೀಟಿ. ಬದಲಾಗುವ ವಿವರ, ಅಂದರೆ ದಿನಾಂಕ, ಬ್ಯಾಚು, ಮಳೆಯ ಹೆಸರು, ರಬ್ಬರ್ ಠಸ್ಸೆಯಿಂದ ಕಾಗದದ ಮೇಲೆ ಒತ್ತಬೇಕು. ಠಸ್ಸೆಯ ಮಸಿ ಪ್ಲಾಸ್ಟಿಕ್ಕಿನ ಮೇಲೆ ನಿಲ್ಲುವುದಿಲ್ಲ, ಬೆರಳು ತಾಗಿದರೆ ದಿನಾಂಕವೇ ಹೋಗುತ್ತದೆ. ಇನ್ನು ಚೀಲದ ಗಾತ್ರ. ಚಿಪ್ಸಿನವರಿಗೆ ಗಾಳಿ ತುಂಬಲು ಕಾರಣ ಇದೆ, ಚಿಕ್ಕಿಗೆ ಇಲ್ಲ. ದೊಡ್ಡ ಚೀಲದಲ್ಲಿ ನಾಲ್ಕು ತುಂಡು ಅಲ್ಲಾಡುವುದನ್ನು ಕಂಡರೆ ಮಕ್ಕಳಿಗೂ ಮೋಸ ತಿಳಿಯುತ್ತದೆ.

ಹೊಲದಲ್ಲಿ ಸಿಗುವ ಬೆಳ್ಳಿ ಪೊಟ್ಟಣ

ಈಗ ಒಂದು ಇಕ್ಕಟ್ಟಿನ ಮಾತು. ಚಿಕ್ಕಿಯನ್ನು ಚೆನ್ನಾಗಿ ಕಾಯುವ ಲೋಹಲೇಪದ ಹಾಳೆಯೇ ಮಣ್ಣಿನಲ್ಲಿ ಕರಗದ ಹಾಳೆ. ಎರಡು ಮೂರು ಪದರ ಅಂಟಿಸಿದ್ದರಿಂದ ಗುಜರಿಯವರೂ ಎತ್ತುವುದಿಲ್ಲ. ರಸ್ತೆಯ ಬದಿಯ ನನ್ನ ಹೊಲದಲ್ಲಿ ಕುಂಟೆ ಹೊಡೆದಾಗಲೆಲ್ಲ ಕುಡಕ್ಕೆ ಈ ಪೊಟ್ಟಣ ಸಿಕ್ಕಿಕೊಳ್ಳುತ್ತವೆ. ದನ ತಿನ್ನುತ್ತವೆ. ನಮ್ಮ ಶೇಂಗಾಕ್ಕೆ ಬೆಲೆ ಬರಲಿ ಎಂದು ನಮ್ಮ ಹೊಲಕ್ಕೇ ಕಸ ಬಿತ್ತುವುದು ನ್ಯಾಯವೇ?

2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನು ದೇಶದಲ್ಲಿ ನಿಂತಿವೆ, ಆದರೆ ತಿಂಡಿಯ ಪೊಟ್ಟಣಗಳು ಆ ಪಟ್ಟಿಯಲ್ಲಿಲ್ಲ. ವೃತ್ತಪತ್ರಿಕೆಯಲ್ಲಿ ಕಟ್ಟಿಕೊಡೋಣ ಅಂದರೆ ಅದರ ಮಸಿ ಆರೋಗ್ಯಕ್ಕೆ ಕೆಟ್ಟದ್ದು, 2018ರ ನಿಯಮದಲ್ಲಿ ಅದಕ್ಕೆ ನಿಷೇಧವೇ ಇದೆ. ಹಾಗಾದರೆ ದಾರಿ?

ನನಗೆ ತೋಚುವುದು ಇಷ್ಟು. ದೂರಕ್ಕೆ ಒಂದು ಪೊಟ್ಟಣ, ಹತ್ತಿರಕ್ಕೆ ಇನ್ನೊಂದು. ಬೆಂಗಳೂರಿಗೆ ಹೋಗಿ ಎರಡು ತಿಂಗಳು ಕಪಾಟಿನಲ್ಲಿ ಇರಬೇಕಾದದ್ದಕ್ಕೆ ಗಟ್ಟಿ ಹಾಳೆ ಬೇಕೇ ಬೇಕು. ನಮ್ಮ ಊರ ಸಂತೆ, ಶಾಲೆಯ ಮುಂದಿನ ಅಂಗಡಿ, ಬಸ್ ನಿಲ್ದಾಣಕ್ಕೆ ಅದು ಯಾಕೆ? ಹಿಂದೆ ಅಂಗಡಿಯ ಕಟ್ಟೆಯ ಮೇಲೆ ಬಿಗಿ ಮುಚ್ಚಳದ ಗಾಜಿನ ಬರಣಿಗಳು ಸಾಲಾಗಿ ಇರುತ್ತಿದ್ದವು. ಹುಡುಗರು ಬಂದು ಬೇಕಾದಷ್ಟು ತುಂಡು ಕೊಂಡು ಅಲ್ಲೇ ತಿನ್ನುತ್ತಿದ್ದರು. ವಾರಕ್ಕೊಮ್ಮೆ ಬರಣಿ ತುಂಬಿ, ಖಾಲಿ ಬರಣಿ ವಾಪಸು ತಂದರೆ ಒಂದು ಚೂರೂ ಕಸ ಇಲ್ಲ. ಬರಣಿಗೂ ಚಂದದ ಚೀಟಿ ಅಂಟಿಸಬಹುದು, ಕಸೂತಿ ಬರೆಯಬಹುದು. ದೂರದ ಪೊಟ್ಟಣವನ್ನೂ ಬಿಡಿ ಬಿಡಿಯಾಗಿ 5 ರೂಪಾಯಿಗೆ ಮಾಡುವ ಬದಲು ಮನೆಮಂದಿಗೆ ಆಗುವಷ್ಟು ದೊಡ್ಡದಾಗಿ, ಮತ್ತೆ ಮುಚ್ಚಿಡುವ ಬಾಯಿ ಇಟ್ಟು ಮಾಡಿದರೆ ಕಿಲೋ ಚಿಕ್ಕಿಗೆ ತಗಲುವ ಪ್ಲಾಸ್ಟಿಕ್ಕು ಕಡಿಮೆಯಾಗುತ್ತದೆ.

ಬೀಜದ ಕಡೆಯಿಂದಲೂ ಒಂದು ದಾರಿ ಇದೆ. ಜುನಾಗಡದ ಶೇಂಗಾ ಸಂಶೋಧನೆಯವರೂ ಹೈದರಾಬಾದಿನ ಇಕ್ರಿಸಾಟಿನವರೂ ಸೇರಿ ತಂದ ಗಿರನಾರ್-4, ಗಿರನಾರ್-5 ತಳಿಗಳು 2020ರಲ್ಲಿ ದೇಶಕ್ಕೆ ಅರ್ಪಣೆಯಾದವು. ಇವುಗಳ ಎಣ್ಣೆಯಲ್ಲಿ ಓಲಿಕ್ ಆಮ್ಲ ಶೇಕಡಾ 80ರ ಆಸುಪಾಸು, ಅದರಿಂದ ಕಾಳು ಬೇಗ ಕಮಟುವುದಿಲ್ಲ. ಕಾಳೇ ತನ್ನನ್ನು ತಾನು ಕಾಯ್ದುಕೊಂಡರೆ ಹಾಳೆಯ ಮೇಲಿನ ಭಾರ ಇಳಿಯುತ್ತದೆ. ನಮ್ಮ ಮಣ್ಣು ಮಳೆಗೆ ಹೊಂದುತ್ತವೋ ಎಂದು ಹೊಲದ ಒಂದು ಮೂಲೆಯಲ್ಲಿ ನಾಲ್ಕು ಸಾಲು ಬಿತ್ತಿ ನೋಡುವುದು ಜಾಣತನ.

ಮನೆಯಲ್ಲೇ ಮಾಡುವ ಪರೀಕ್ಷೆ

ಹೊಸ ಪೊಟ್ಟಣಕ್ಕೆ ರೊಕ್ಕ ಹಾಕುವ ಮೊದಲು ಹೀಗೆ ಮಾಡಿ. ಮೂರು ಬಗೆಯ ಹಾಳೆ ತನ್ನಿ. ಒಂದೇ ದಿನ ಮಾಡಿದ ಚಿಕ್ಕಿಯನ್ನು ಪ್ರತಿಯೊಂದರಲ್ಲಿ ಹತ್ತು ಹತ್ತು ಪೊಟ್ಟಣ ಸೀಲು ಮಾಡಿ. ಗ್ರಾಂ ತೋರಿಸುವ ಸಣ್ಣ ತಕ್ಕಡಿಯಲ್ಲಿ ತೂಗಿ ಮೇಲೆ ಬರೆಯಿರಿ. ಮಳೆಗಾಲದಲ್ಲಿ ಅಡುಗೆಮನೆಯ ಮೂಲೆಯಲ್ಲಿ ಇಡಿ. ವಾರಕ್ಕೊಮ್ಮೆ ತೂಗಿ. ತೂಕ ಏರಿತೋ, ಒಳಗೆ ನೀರಾವಿ ಹೋಗಿದೆ. ಪ್ರತಿ ವಾರ ಒಂದೊಂದು ಒಡೆದು ಮನೆಯ ನಾಲ್ವರು ತಿಂದು ನೋಡಿ. ಯಾವ ವಾರ ಕಟುಂ ಅನ್ನುವುದು ನಿಂತಿತು, ಯಾವ ವಾರ ವಾಸನೆ ಬಂತು, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದಕ್ಕಿಂತ ಮುಂಚಿನ ದಿನವೇ ಪೊಟ್ಟಣದ ಮೇಲೆ ಬರೆಯಬೇಕಾದ ಕೊನೆಯ ದಿನ. ಬೇಸಿಗೆಯ ಲೆಕ್ಕದಲ್ಲಿ ದಿನ ಬರೆದು ಶ್ರಾವಣದಲ್ಲಿ ಮಾರಬಾರದು. ದೊಡ್ಡ ಪ್ರಮಾಣದಲ್ಲಿ ಮಾಡುವವರು ಮೈಸೂರಿನ ಸಿಎಫ್‌ಟಿಆರ್‌ಐ ಸಲಹೆ ಕೇಳಬಹುದು. 1950ರಿಂದ ಇರುವ ಆ ಸಂಸ್ಥೆಯಲ್ಲಿ ಪೊಟ್ಟಣದ ವಿಜ್ಞಾನಕ್ಕೇ ಒಂದು ವಿಭಾಗ ಇದೆ.

ಸಣ್ಣ ತಿಂಡಿ ಉದ್ದಿಮೆಗಳಿಗೆ 2020ರಿಂದ ಕೇಂದ್ರದ ಯೋಜನೆಯಲ್ಲಿ ಶೇಕಡಾ 35ರ ಸಹಾಯಧನ ಬಂತು, ಬಹಳ ಸಂಘಗಳು ಯಂತ್ರ ತಂದವು. ಯಂತ್ರ ಬಂದ ಮೇಲೆ ಚಿಕ್ಕಿ ಹೆಚ್ಚು ತಯಾರಾಗುತ್ತದೆ, ಹೆಚ್ಚು ತಯಾರಾದಷ್ಟೂ ದೂರ ಕಳಿಸಬೇಕಾಗುತ್ತದೆ. ಆಗ ಪೊಟ್ಟಣ ಸೋತರೆ ಸೋಲುವುದು ಒಂದು ಸಂಘ ಮಾತ್ರ ಅಲ್ಲ. "ಹಳ್ಳಿಯವರ ಮಾಲು ಹಿಂಗ" ಎಂಬ ಮಾತು ಒಮ್ಮೆ ಪಟ್ಟಣದಲ್ಲಿ ಹಬ್ಬಿದರೆ ಮುಂದೆ ಒಳ್ಳೆಯದು ಮಾಡಿದವರಿಗೂ ಕಪಾಟಿನಲ್ಲಿ ಜಾಗ ಸಿಗುವುದಿಲ್ಲ. ಆಮೇಲೆ ನಾವು ಮತ್ತೆ ಚೀಲ ಹೊತ್ತು ಪೇಟೆಯಲ್ಲಿ ಕಾಯಿ ಸುರುವಿ, ದರ ಹೇಳುವವನ ಮುಖ ನೋಡುತ್ತ ಕೂಡ್ರಬೇಕು.

ಓದುಗ ಮಿತ್ರರೇ, ನಿಮ್ಮ ಊರಿನಲ್ಲಿ ಹಪ್ಪಳ, ಚಕ್ಕುಲಿ, ಖಡಕ್ ರೊಟ್ಟಿ, ಬಾಳೆಕಾಯಿ ಚಿಪ್ಸು ಮಾಡಿ ಮಾರುವವರು ಇರಬಹುದು. ಯಾವ ಹಾಳೆ ಎಷ್ಟು ದಿನ ಕಾಯಿತು, ಕಿಲೋಗೆ ಎಷ್ಟು ಖರ್ಚು ಬಿತ್ತು, ಎಲ್ಲಿ ಸೋಲಾಯಿತು ಎಂಬುದನ್ನು ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ಬಣ್ಣದ ಸಲಹೆ ಕೊಡುವವರು ಬಹಳ ಜನ ಇದ್ದಾರೆ. ಮಳೆಗಾಲದಲ್ಲಿ ಚಿಕ್ಕಿ ಕಟುಂ ಅನ್ನುವ ಹಾಗೆ ಇಟ್ಟವರ ಲೆಕ್ಕ ನಮಗೆ ಬೇಕಾಗಿದೆ.